ಅರವತ್ತರಿಂದ ಐದಕ್ಕ

ಗಾಂಧಿ ಚೌಕದಾಗ ಆರು ವರ್ಷ ನಿಂತೀನಿ,
ವಿಜಯಪುರದ ಬಿಸಿಲು ನನಗ ಹೊಸಾದಲ್ಲ.
ಮೂಗಿನ ಎರಡೂ ಕಡೆ ಕೆಂಪಗ ಹರಡಿದಾಗ
ಸುಟ್ಟದ ಅಂತ ಮುಲಾಮು ಹಚ್ಚಿದೆ.
ಬೂಟು ಬಿಗಿಯಾದಾಗ ಸ್ಟೋರಿನವಗ ಬೈದೆ,
ಅಳತಿ ತಪ್ಪಿ ಕೊಟ್ಟಾನಂತ.
ಮುಂಜಾನೆದ್ದರ ಉಚ್ಚಿಯೊಳಗ ನೊರೆ,
ಈಗಷ್ಟ ಹಿಂಡಿದ ಎಮ್ಮಿ ಹಾಲಿನ ನೊರಿಯಂಗ.
ಇದನ್ನ ಯಾರ ಮುಂದ ಹೇಳಲಿ?

ಬಯಾಪ್ಸಿ ಕಾಗದ ಬಂತು. ನಾಲ್ಕನೇ ದರ್ಜೆ.
ದರ್ಜೆ ಏರಿದ್ರ ಬಡ್ತಿ ಅಂತ ತಿಳಿದವಳು ನಾನು.
ಡಾಕ್ಟರು ಹರೇದ ಹುಡುಗ, ಸಿಂದಗಿ ಕಡೆಯವ,
ತಿಳಿಯೂವಂಗ ಹೇಳಾಕ ನೋಡಿದ:
"ಮೈಯಾಗ ಪೊಲೀಸರು ಇರ್ತಾರಲ್ಲ ಅಕ್ಕಾರ,
ಕಳ್ಳರನ್ನ ಬಿಟ್ಟು ನಿಮ್ಮ ಕಿಡ್ನಿಗೇ
ಲಾಠಿ ಬೀಸಾಕತ್ಯಾರ."
ನಾ ಸೀರ್ಯಾಗಿದ್ದೆ. ಅವಗ ಗೊತ್ತಿರಲಿಲ್ಲ.
ನಗು ಬಂತು.
ಆಮ್ಯಾಲೆ ಬಾಳ ದಿನ ಬರಲಿಲ್ಲ.

ಮೂರು ದಿನ ಸಲೈನಿನ್ಯಾಗ ಸ್ಟಿರಾಯ್ಡ್ ಇಳಿಸಿದರು.
ಬಾಯಾಗ ತಾಮ್ರದ ಪೈಸೆ ಇಟ್ಟಂಗ ರುಚಿ.
ನಿದ್ದಿ ಇಲ್ಲ. ಫ್ಯಾನಿನ ರೆಕ್ಕಿ ಎಣಿಸಿದೆ, ಮೂರು.
ಮತ್ತ ಎಣಿಸಿದೆ, ಮೂರ.
ಆಮ್ಯಾಲೆ ಗುಳಿಗಿ, ದಿನಾ ಅರವತ್ತು ಮಿಲಿಗ್ರಾಂ.
ನಮ್ಮ ಚೌಕದ ಕೆಂಪು ದೀಪನೂ ಅರವತ್ತರಿಂದ ಶುರು,
ಅದು ನಿಮಿಷದಾಗ ಸೊನ್ನಿಗೆ ಬರ್ತದ.
ಇದು ಐದಕ್ಕ ಬರಾಕ ತಿಂಗಳುಗಟ್ಟಲೆ.
ತಟ್ಟನ ನಿಲ್ಲಿಸಬಾರದು ಅಂದಾರ.
ಗೊತ್ತದ.
ಕರ್ಫ್ಯೂನೂ ಒಮ್ಮೆಲೆ ಎತ್ತೂದಿಲ್ಲ,
ಮೊದಲು ಮುಂಜಾನೆ ಎರಡು ತಾಸು
ಹಾಲಿಗೆ, ಔಷಧಕ್ಕ.

ಮಾರಿ ದುಂಡಗಾತು.
ಬಡಿ ಕಮಾನ್ ಕಡೆಯಿಂದ ಟಾಂಗಾ ಹೊಡಕೊಂಡು ಬರೋ
ಬಂದೇನವಾಜ ಚಾಚಾ ಸಲಾಂ ಹೇಳಲಾರದ ಹ್ವಾದ.
ಹೊಸ ಮೇಡಂ ಬಂದಾರ ಅಂದನಂತ.
ಹಸಿವಿ ಮಾತ್ರ ಲಂಚಕೋರನದು,
ಎಷ್ಟು ಕೊಟ್ಟರೂ ಕೈ ಹಿಂದ ಹೋಗೂದಿಲ್ಲ.
ಎದುರಿಗೆ ಉಪ್ಪಿಲ್ಲದ ಪಲ್ಲೆ, ಉಪ್ಪಿಲ್ಲದ ಶೇಂಗಾ ಹಿಂಡಿ.
ಒಂದು ಹರಳು ಕದ್ದು ನಾಲಿಗಿ ಮ್ಯಾಲೆ ಇಟ್ಟ ರಾತ್ರಿ
ನೆಗೆಣ್ಣಿ ಗುರಸಂಗವ್ವ ಬಾಗಲದಾಗ ನಿಂತಿದ್ದಳು.
ಏನೂ ಅನ್ನಲಿಲ್ಲ. ಡಬ್ಬಿ ಎತ್ತಿ ಮ್ಯಾಲಿಟ್ಟಳು.

ಮೈಕೋಫೆನೊಲೇಟ್, ಮುಂಜಾನೆ ಎರಡು, ಸಂಜಿಗೆ ಎರಡು.
ಹೆಸರು ನಾಲಿಗಿಗೆ ಒಗ್ಗಾಕ ಒಂದು ವಾರ,
ಹೊಟ್ಟಿಗೆ ಒಗ್ಗಾಕ ಒಂದು ತಿಂಗಳು.
ಅದನ್ನ ನುಂಗೂತನಕ ಬಸರಾಗೂಹಂಗಿಲ್ಲ.
ಅತ್ತಿಯವರು ಅಮಾಸಿಗೊಮ್ಮೆ ಕೇಳ್ತಾರ:
"ಈ ಗುಳಿಗಿ ಎಂದು ಮುಗೀತಾವ?"
ಅವರು ಕೇಳೂದು ಗುಳಿಗಿದಲ್ಲ.
ಪ್ರೋಟೀನು ಇಳಿದು ಹಂಗ ನಿಂತರ
ಬಸರಿಗೆ ನಡಿಯೂವಂಥ ಬ್ಯಾರೆ ಗುಳಿಗಿ ಅದಂತ.
ಇದನ್ನ ಅವರಿಗೆ ಹೇಳಿಲ್ಲ. ಹೇಳಿದರ
ಗ್ವಾಡಿ ಮ್ಯಾಲಿನ ಕ್ಯಾಲೆಂಡರಿಗೆ ಗೀಟು ಹಾಕಾಕ ಶುರುಮಾಡ್ತಾರ.
ನಾ ಹಾಕೀನಿ, ಒಳಗ.

ಈಗ ಡ್ಯೂಟಿ ಕಂಟ್ರೋಲ್ ರೂಮಿನ್ಯಾಗ.
ಕಿಟಕಿಗೆ ಹಸಿರು ಬಟ್ಟಿ, ಎದುರಿಗೆ ಟಿವಿಯೊಳಗ
ಅಂಗೈಯಷ್ಟು ನನ್ನ ಚೌಕ.
ಹೊಸ ಹುಡುಗಿ ನಿಂತಾಳ, ಕೈ ಪೂರಾ ಎತ್ತಾಕ ನಾಚತಾಳ.
ವೈರ್‌ಲೆಸ್ಸಿನ್ಯಾಗ ಅಂತೀನಿ,
ಟೊಪಿಗಿ ಮುಂದಕ್ಕ ಎಳಕೋ, ನೆಳ್ಳಿಗೆ ಸರಿ.
ಆಕಿಗೇನೂ ಆಗಿಲ್ಲ. ಆದರೂ ಅಂತೀನಿ.

ಇವತ್ತ ಇಪ್ಪತ್ನಾಕು ತಾಸಿನ ಉಚ್ಚಿ ಕೊಡೂ ದಿನ.
ಐದು ಲೀಟರಿನ ಕ್ಯಾನು, ಮ್ಯಾಲೆ ಚೀಟಿ:
ನೀಲಾಂಬಿಕಾ ಹೂಗಾರ, ಮೂವತ್ತೊಂದು.
ಮೊದಲು ನಾಕು ಗ್ರಾಂ ಇತ್ತು, ಹೋದ ಸಲ ಒಂದೂವರಿ.
ಮುಚ್ಚಳ ಬಿಗಿ ಮಾಡಿ ಅಲುಗಾಡಿಸ್ತೀನಿ,
ಬೆಳಕಿಗೆ ಹಿಡದು ಎಣಿಸ್ತೀನಿ.
ಒಂಬತ್ತು, ಎಂಟು, ಏಳು,
ಅಂಚಿಗೆ ಒಂದೆಳಿ ನೊರೆ ಇನ್ನೂ ನಿಂತದ.
ಹೊರಗ ಆಟೊದವ ಹಾರ್ನ್ ಹೊಡಿತಾನ.
ನಿಂದ್ರು ಅಂತ
ಕೈ ತೋರಿಸ್ತೀನಿ.